ಮಿದುಳಿನ ಗಡ್ಡೆಯ ಗುರುತು ಹುಡುಕಿದ ದಾರಿ
ಕ್ಯಾನ್ಸರಿನ ಸುಳಿವನ್ನು ದೇಹದ್ರವದಲ್ಲಿ ಹುಡುಕುವ ರೂಢಿ ಮೂತ್ರದಿಂದ ಶುರುವಾಯಿತು. 1840ರ ದಶಕದಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್, ಮೂಳೆಗಳು ಮೆದುವಾಗಿದ್ದ ರೋಗಿಯೊಬ್ಬನ ಮೂತ್ರದಲ್ಲಿ ವಿಚಿತ್ರ ಪ್ರೋಟೀನೊಂದನ್ನು ಕಂಡ. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ತಂಡ, ಯಕೃತ್ತಿನ ಗಡ್ಡೆಯಿದ್ದ ಇಲಿಗಳಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಂಬ ಪ್ರೋಟೀನನ್ನು ಪತ್ತೆಮಾಡಿತು. ಚಿಕಿತ್ಸೆ ಫಲಿಸಿದರೆ ಇಂಥ ವಸ್ತುಗಳ ಮಟ್ಟ ಇಳಿಯುತ್ತದೆ, ರೋಗ ಮರುಕಳಿಸಿದರೆ ಏರುತ್ತದೆ.

ಮಿದುಳು ಮಾತ್ರ ಈ ಲೆಕ್ಕಕ್ಕೆ ಸುಲಭವಾಗಿ ಸಿಗಲಿಲ್ಲ. ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಅದಕ್ಕೆ ಒಂದು ಕಾರಣ. ಜನನಕೋಶಗಳಿಂದ ಹುಟ್ಟುವ ಅಪರೂಪದ ಕೆಲವು ಮಿದುಳುಗಡ್ಡೆಗಳಲ್ಲಷ್ಟೇ ಆಲ್ಫಾ ಫೀಟೋಪ್ರೋಟೀನ್ ಉಪಯೋಗಕ್ಕೆ ಬಂತು. ಅದನ್ನು ರಕ್ತದಲ್ಲೂ ಬೆನ್ನುಹುರಿಯ ದ್ರವದಲ್ಲೂ ಅಳೆಯುತ್ತಾರೆ. ಹೆಚ್ಚು ಮಾರಕವಾದ ಗ್ಲಯೋಬ್ಲಾಸ್ಟೋಮಾ ಎಂಬ ಮಿದುಳುಗಡ್ಡೆಗೆ ಅಂಥ ಭರವಸೆಯ ರಕ್ತಪರೀಕ್ಷೆ ಒದಗಲಿಲ್ಲ. ಹಾಗಾಗಿ ವೈದ್ಯರು ಸ್ಕ್ಯಾನನ್ನೇ ನಂಬಬೇಕಾಯಿತು. ಚಿಕಿತ್ಸೆಯ ಫಲ ಅಳೆಯುವ 1990ರ ಮ್ಯಾಕ್‌ಡೊನಾಲ್ಡ್ ಮಾನದಂಡ ಗಡ್ಡೆಯ ಅಳತೆಯ ಜೊತೆಗೆ ಸ್ಟೆರಾಯ್ಡ್ ಬಳಕೆ, ರೋಗಿಯ ಸ್ಥಿತಿಯನ್ನೂ ಪರಿಗಣಿಸಿತು. ಆದರೆ ವಿಕಿರಣದ ಗಾಯವೂ ಸ್ಕ್ಯಾನಿನಲ್ಲಿ ಬೆಳೆಯುವ ಗಡ್ಡೆಯಂತೆಯೇ ಕಾಣುತ್ತದೆ. 2010ರಲ್ಲಿ ರಾನೋ ಎಂಬ ಹೊಸ ಮಾನದಂಡ ಹುಟ್ಟಿದ್ದರ ಹಿಂದೆ ಈ ಗೊಂದಲವೂ ಇತ್ತು.

ಅಷ್ಟರಲ್ಲಿ ಗುರುತಿನ ಹುಡುಕಾಟ ವಂಶವಾಹಿಗಳತ್ತ ತಿರುಗಿತ್ತು. ಎಂಜಿಎಂಟಿ ವಂಶವಾಹಿ ಸ್ತಬ್ಧವಾಗಿರುವ ಗಡ್ಡೆಗಳು ಟೆಮೊಜೊಲೊಮೈಡ್ ಎಂಬ ಔಷಧಕ್ಕೆ ಹೆಚ್ಚು ಬಗ್ಗುತ್ತವೆಂದು 2005ರಲ್ಲಿ ಪ್ರಕಟವಾಯಿತು. ವಿಪರ್ಯಾಸವೆಂದರೆ, ಮರುಕಳಿಸಿದ ಕೆಲವು ಗಡ್ಡೆಗಳಲ್ಲಿ ಅದೇ ಔಷಧ ಹೊಸ ರೂಪಾಂತರಗಳ ರಾಶಿಯನ್ನೇ ಉಳಿಸಿಹೋಗಿರುತ್ತದೆ.