ಹವಾನಿಯಂತ್ರಕ: ದೋಷಗಳು ಹೇಳುವ ಇತಿಹಾಸ

ಬೇಸಿಗೆಯಲ್ಲಿ ಕೊಠಡಿಯ ಎ.ಸಿ. ಸರಿಯಾಗಿ ತಂಪು ಕೊಡದಿದ್ದರೆ 'ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು' ಎಂಬ ಮಾತು ಕೇಳಿಬರುತ್ತದೆ. ಅಡುಗೆ ಅನಿಲದಂತೆ ಎ.ಸಿ.ಯ ಅನಿಲವೂ ಬಳಸಿದಷ್ಟು ಮುಗಿಯುತ್ತದೆಯೆ? ಒಳಘಟಕದಿಂದ ನೀರು ತೊಟ್ಟಿಕ್ಕುವುದೇಕೆ? ಅದರೊಳಗಿನ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುವುದೇಕೆ? ಉತ್ತರ ತಿಳಿಯಲು ಈ ಯಂತ್ರ ಬೆಳೆದುಬಂದ ಹಾದಿಯನ್ನು ನೋಡಬೇಕು.

ಮುಗಿಯದ ದ್ರವ

ಕೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುವುದು ಎಲ್ಲರಿಗೂ ಗೊತ್ತು. ಆವಿಯಾಗಲು ಬೇಕಾದ ಶಾಖವನ್ನು ದ್ರವ ಚರ್ಮದಿಂದ ಹೀರಿಕೊಳ್ಳುತ್ತದೆ. 18ನೆಯ ಶತಮಾನದ ಮಧ್ಯದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲೆನ್, ಒತ್ತಡವನ್ನು ತಗ್ಗಿಸಿ ಈಥರನ್ನು ಆವಿಯಾಗಿಸಿ, ಆ ತಂಪಿನಿಂದ ನೀರನ್ನು ಹೆಪ್ಪುಗಟ್ಟಿಸಿದ. ಅದೇ ಈಥರನ್ನು ಮತ್ತೆ ಮತ್ತೆ ಬಳಸುವ ಯಂತ್ರಕ್ಕೆ 1834ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಜೇಕಬ್ ಪರ್ಕಿನ್ಸ್. ಆವಿಯನ್ನು ಒತ್ತಿ, ಅದರ ಶಾಖವನ್ನು ಹೊರಹಾಕಿ, ಪುನಃ ದ್ರವವಾಗಿಸಿ ಹಿಂದಕ್ಕೆ ಕಳಿಸುವುದು ಅವನ ಉಪಾಯ. ಇಂದಿನ ಎ.ಸಿ.ಯಲ್ಲಿರುವುದೂ ಇದೇ ಮುಚ್ಚಿದ ಚಕ್ರ.

ಚಕ್ರ ಮುಚ್ಚಿದ್ದರೆ ಅದರಲ್ಲಿ ಹರಿಯುವ ಶೈತ್ಯಕ ಖರ್ಚಾಗುವುದಿಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕಿ ಮುಚ್ಚದೆ ಅನಿಲ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಶಾಖ ಹೊರಹೋಗಲು ದಾರಿಯೂ ಬೇಕು. ಹೊರಘಟಕದ ಸುರುಳಿಗೆ ಧೂಳು ಮೆತ್ತಿದ್ದರೆ ಅಥವಾ ಗೋಡೆ, ಸಾಮಾನು ಅದಕ್ಕೆ ಅಡ್ಡವಾಗಿದ್ದರೆ ಅನಿಲ ತುಂಬಿದ್ದರೂ ತಂಪು ಬಾರದು. ಕಂಪ್ರೆಸರ್ ಕಾದು ನಿಂತುಬಿಡಬಹುದು.

ಮುದ್ರಣಾಲಯದ ತೇವ

ಆಧುನಿಕ ಹವಾನಿಯಂತ್ರಣ ಹುಟ್ಟಿದ್ದು ಸೆಕೆ ತಡೆಯಲಾರದವರಿಗಾಗಿ ಅಲ್ಲ, ಕಾಗದಕ್ಕಾಗಿ! ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬಣ್ಣಗಳನ್ನು ಒಂದಾದ ಮೇಲೊಂದರಂತೆ ಮುದ್ರಿಸುತ್ತಿದ್ದರು. ನಡುವೆ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ತಮ್ಮ ಜಾಗ ತಪ್ಪುತ್ತಿದ್ದವು. 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರ ಜುಲೈನಲ್ಲಿ ಇದಕ್ಕೆ ಪರಿಹಾರದ ನಕ್ಷೆ ಸಿದ್ಧಪಡಿಸಿದ. ತಣ್ಣನೆಯ ಸುರುಳಿಗಳ ಮೇಲೆ ಗಾಳಿ ಹಾಯಿಸಿ, ತೇವವನ್ನು ನೀರಾಗಿಸಿ ತೆಗೆಯುವುದು ಅವನ ಯೋಜನೆ. ಸಾಪೇಕ್ಷ ಆರ್ದ್ರತೆಯನ್ನು ಶೇ. 55ರಲ್ಲಿ ಹಿಡಿದಿಡುವುದು ಗುರಿಯಾಗಿತ್ತು.

ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದೂ ಹೀಗೆಯೇ. ಎ.ಸಿ.ಯಿಂದ ನೀರು ಬರುವುದು ದೋಷವಲ್ಲ, ಅದರ ಮೂಲ ಕೆಲಸ. ಆ ನೀರು ಕೊಠಡಿಯೊಳಗೆ ತೊಟ್ಟಿಕ್ಕಿದರೆ ಮಾತ್ರ ದೋಷ. ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರುವುದು ಇದಕ್ಕೆ ಸಾಮಾನ್ಯ ಕಾರಣ.

ಈ ನೀರಿನ ಲೆಕ್ಕವನ್ನು ತರಗತಿಯಲ್ಲೂ ಮಾಡಬಹುದು. ಒಂದು ಲೀಟರ್ ನೀರಷ್ಟು ಆವಿ ದ್ರವವಾಗುವಾಗ ಸುಮಾರು 2450 ಕಿಲೋಜೂಲ್ ಶಾಖ ಬಿಡುತ್ತದೆ. ಗಂಟೆಗೆ ಒಂದು ಲೀಟರ್ ಎಂದರೆ ಸುಮಾರು 0.68 ಕಿಲೋವ್ಯಾಟ್. ಒಂದು ಟನ್ ಎ.ಸಿ.ಯ ಸಾಮರ್ಥ್ಯ ಸುಮಾರು 3.5 ಕಿಲೋವ್ಯಾಟ್. ಅಂದರೆ ಅದರ ಐದನೆಯ ಒಂದು ಭಾಗ ತೇವ ತೆಗೆಯಲೇ ಹೋಯಿತು. ಒಂದೇ ಅಳತೆಯ ಯಂತ್ರಕ್ಕೆ ಕಲಬುರಗಿಯ ಒಣ ಬೇಸಿಗೆಗಿಂತ ಮಂಗಳೂರಿನ ತೇವದಲ್ಲಿ ಈ ಹೊರೆ ಹೆಚ್ಚು. ಕಿಟಕಿ ತೆರೆದಿಟ್ಟರೆ ಅದು ಇನ್ನೂ ಏರುತ್ತದೆ.

ಗಾಳಿಯ ಜಾಲರಿ ಧೂಳಿನಿಂದ ಮುಚ್ಚಿದರೆ ಒಳಗಿನ ಸುರುಳಿಗೆ ಸಾಕಷ್ಟು ಶಾಖ ಸಿಗುವುದಿಲ್ಲ. ಅದರ ತಾಪ 0 ಡಿಗ್ರಿಗಿಂತ ಕೆಳಗಿಳಿದು, ಅಂಟಿದ ನೀರು ಮಂಜುಗಡ್ಡೆಯಾಗುತ್ತದೆ. ಅದು ಗಾಳಿಯನ್ನು ಮತ್ತಷ್ಟು ತಡೆಯುತ್ತದೆ. ಆಗ ಯಂತ್ರವನ್ನು ನಿಲ್ಲಿಸಿ, ಮಂಜು ತಾನಾಗಿ ಕರಗಿದ ಮೇಲೆ ಜಾಲರಿಯನ್ನು ತೊಳೆಯಬೇಕು. ಚೂಪಾದ ವಸ್ತುವಿನಿಂದ ಕೆರೆದರೆ ಸುರುಳಿಯೇ ತೂತಾದೀತು. ಜಾಲರಿ ಶುಚಿಯಿದ್ದೂ ಮಂಜು ಮರಳಿದರೆ ಶೈತ್ಯಕ ಸೋರಿರುವ ಸಾಧ್ಯತೆಯಿದೆ. ಒತ್ತಡ ತಗ್ಗಿದಾಗ ಶೈತ್ಯಕದ ಕುದಿಬಿಂದುವೂ ತಗ್ಗುತ್ತದೆ, ಕಲೆನ್‌ನ ಈಥರಿಗೆ ಆದಂತೆ.

ಬದಲಾದ ಅನಿಲಗಳು

ಮೊದಲಿನ ಯಂತ್ರಗಳಲ್ಲಿ ಅಮೋನಿಯ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ನಂತಹ ವಿಷಕಾರಿ ಶೈತ್ಯಕಗಳಿದ್ದವು. ಸೋರಿದರೆ ಪ್ರಾಣಾಪಾಯ. ಅಮೆರಿಕದ ಥಾಮಸ್ ಮಿಡ್ಗ್ಲಿ ಮತ್ತು ಸಂಗಡಿಗರು ಸಿ.ಎಫ್.ಸಿ.ಗಳನ್ನು ಬಳಕೆಗೆ ತಂದರು. ಅವು ವಿಷವಲ್ಲ, ಉರಿಯುವುದಿಲ್ಲ ಎಂದು ತೋರಿಸಲು 1930ರಲ್ಲಿ ಮಿಡ್ಗ್ಲಿ ಅನಿಲವನ್ನು ತಾನೇ ಉಸಿರಾಡಿ, ಆ ಉಸಿರಿನಿಂದ ಮೇಣದಬತ್ತಿಯನ್ನು ಆರಿಸಿದ. ಮನೆಯೊಳಗೆ ಸುರಕ್ಷಿತವಾದ ಆ ಅನಿಲ ಆಕಾಶದಲ್ಲಿ ಹಾಗಿರಲಿಲ್ಲ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಅದು ಓಜೋನ್ ಪದರಕ್ಕೆ ಹಾನಿ ಮಾಡಬಲ್ಲದೆಂದು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಕೊಠಡಿಯ ಎ.ಸಿ.ಗಳಲ್ಲಿ ಬಹುಕಾಲ ಬಳಸಿದ ಆರ್-22 ಓಜೋನಿಗೆ ಸಿ.ಎಫ್.ಸಿ.ಗಿಂತ ಕಡಿಮೆ ಹಾನಿಕರವಾದರೂ ನಿರುಪದ್ರವಿಯಲ್ಲ. ನಂತರ ಬಂದ ಆರ್-410ಎ ಓಜೋನನ್ನು ಕೆಡಿಸದು. ಆದರೆ 100 ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿನ 2,000 ಪಟ್ಟಿಗೂ ಹೆಚ್ಚು. ಆರ್-32ರದು ಸುಮಾರು 675 ಪಟ್ಟು. ಇಂಥ ಅನಿಲಗಳನ್ನು ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿಯಾಯಿತು. ಆರ್-32 ಅಲ್ಪಮಟ್ಟಿಗೆ ಉರಿಯಬಲ್ಲದು. ಆರ್-290 ಎಂದರೆ ಪ್ರೊಪೇನ್, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಯಂತ್ರದ ಪಟ್ಟಿಯಲ್ಲಿ ನಮೂದಿಸಿದ ಶೈತ್ಯಕವನ್ನೇ, ತರಬೇತಿ ಪಡೆದ ತಂತ್ರಜ್ಞರಿಂದ, ತೂಗಿ ತುಂಬಿಸಬೇಕು.

ಎ.ಸಿ. ತಣಿಸದಿದ್ದಾಗ ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಿ ಜಾಲರಿ, ನೀರಿನ ಕೊಳವೆ, ಹೊರಘಟಕದ ಸುತ್ತಲಿನ ಜಾಗ ಇವನ್ನು ನೋಡಿ. ಇವು ಸರಿಯಿದ್ದರೆ ತಂತ್ರಜ್ಞರನ್ನು ಕರೆಯಿರಿ. ಅವರು 'ಗ್ಯಾಸ್ ಹಾಕಬೇಕು' ಎಂದರೆ 'ಸೋರಿದ್ದು ಎಲ್ಲಿ?' ಎಂದು ಕೇಳಿ. ಹಣ ಉಳಿಸುವ ಆ ಒಂದು ಪ್ರಶ್ನೆ ವಾತಾವರಣವನ್ನೂ ಕಾಯುತ್ತದೆ.