‘ಟೇಕ್ ಆಫ್’ ಮತ್ತು ಒಂದು ಓಕ್ ಕೋಲು

ನನ್ನ ಪಿಎಚ್‌ಡಿ ಪ್ರಬಂಧದ ಎರಡನೇ ಅಧ್ಯಾಯದ ಕರಡು ವಾಪಸು ಬಂದಾಗ ಅದರ ಮೂರು ಪುಟಗಳಿಗೆ ಉದ್ದಕ್ಕೂ ಕೆಂಪು ಗೆರೆ ಎಳೆದಿತ್ತು. ವಿಷಯ 18ನೇ ಶತಮಾನದ ಲಂಡನ್ ರಂಗಭೂಮಿ. ಆ ಕಾಲದ ನಟ, ನಾಟಕಕಾರ ಸ್ಯಾಮ್ಯುಯೆಲ್ ಫೂಟ್ ಬಗ್ಗೆ ಓದುವಾಗ, ಅವನು ಗಣ್ಯರನ್ನು ‘ಟೇಕ್ ಆಫ್’ ಮಾಡುತ್ತಿದ್ದ ಎಂಬ ಮಾತು ಮತ್ತೆ ಮತ್ತೆ ಸಿಕ್ಕಿತ್ತು. ನನಗೆ ಗೊತ್ತಿದ್ದ ಟೇಕ್ ಆಫ್‌ಗಳು ಎರಡೇ. ಒಂದು ವಿಮಾನದ್ದು, ಇನ್ನೊಂದು ಚಪ್ಪಲಿಯದ್ದು. ಆ ಕಾಲದಲ್ಲಿ ವಿಮಾನ ಇರಲಿಲ್ಲವಲ್ಲ, ಹಾಗಾಗಿ ‘ತೆಗೆದುಹಾಕುವುದು’ ಎಂದೇ ತಿಳಿದೆ. ಫೂಟ್ ತನಗಾಗದವರನ್ನು ರಂಗಮಂದಿರದಿಂದಲೇ ತೆಗೆದುಹಾಕಿಸುತ್ತಿದ್ದ ಎಂದು ವಾದ ಕಟ್ಟಿದೆ. ಸಾಲದ್ದಕ್ಕೆ ಅಧಿಕಾರ, ದಮನ ಅಂತ ಫುಕೋನನ್ನೂ ಕರೆತಂದಿದ್ದೆ. ನನ್ನ ಗೈಡ್ ಮೇಡಂ ಅಂಚಿನಲ್ಲಿ ಬರೆದಿದ್ದು ಒಂದೇ ಸಾಲು: “ಫೂಟ್ ಯಾರನ್ನೂ ತೆಗೆದುಹಾಕಲಿಲ್ಲ ಕಣಪ್ಪ, ಅಣಕ ಮಾಡಿದ.”

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಈ ಅವಮಾನ ಹೊಸದಲ್ಲ. ನಮಗೆ ಇಂಗ್ಲಿಷ್ ಬಂದದ್ದು ಪುಸ್ತಕದ ದಾರಿಯಿಂದ. ‘ಡಿಪಾರ್ಟ್’ ಗೊತ್ತು, ‘ರಿಮೂವ್’ ಗೊತ್ತು, ‘ಇಮಿಟೇಟ್’ ಕೂಡ ಗೊತ್ತು. ಎಂ.ಎ.ಗೆ ಬಂದ ಹೊಸತರಲ್ಲಿ ಬಸ್ಸು ‘ಡಿಪಾರ್ಟ್’ ಆಯಿತು ಎಂದಾಗ ಹಿಂದಿನ ಬೆಂಚಿನವರು ನಕ್ಕಿದ್ದು ನೆನಪಿದೆ. ಲ್ಯಾಟಿನ್ ಮೂಲದ ದೊಡ್ಡ ಪದಗಳು ನಮ್ಮ ಕೈಯಲ್ಲಿ, ಮನೆಯಲ್ಲಿ ಆಡುವ ಪುಟ್ಟ ಪದಗಳು ಅವರ ಬಾಯಲ್ಲಿ. ಯಾವ ಶಾಲೆಯಿಂದ ಬಂದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಕೆಂಪು ಗೆರೆಯ ಸಿಟ್ಟಿನಲ್ಲೇ ಜಾನ್ಸನ್ ನಿಘಂಟು ಬಿಚ್ಚಿದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ಎರಡು ದಪ್ಪ ಸಂಪುಟಗಳು, 42 ಸಾವಿರಕ್ಕೂ ಹೆಚ್ಚು ಪದಗಳು. ಅದರಲ್ಲಿ ‘ಟೇಕ್’ ಒಂದಕ್ಕೇ ನೂರಕ್ಕೂ ಮೀರಿ ಅರ್ಥಗಳಿವೆ. ‘ಟೇಕ್ ಆಫ್’ ಎಂಬಲ್ಲಿ ತೆಗೆ, ಹಿಂತೆಗೆ, ನುಂಗು, ಕೊಂಡುಕೊ, ನಕಲು ಮಾಡು ಎಂದೆಲ್ಲ ಇದೆ. ಇವೆಲ್ಲ ಟೇಕ್ ಆಫ್‌ಗೆ ಸಮಾನಾರ್ಥಕಗಳು, ಆದರೆ ಒಂದಕ್ಕೊಂದು ಅಲ್ಲ. ಕೊಂಡುಕೊಳ್ಳುವುದಕ್ಕೂ ನುಂಗುವುದಕ್ಕೂ ಏನು ಸಂಬಂಧ? ಪರೀಕ್ಷೆಗೆಂದು ನಾವು ಉರು ಹೊಡೆಯುವ ಸಮಾನಾರ್ಥಕಗಳ ಪಟ್ಟಿ ಈ ಮಾತನ್ನು ಹೇಳುವುದೇ ಇಲ್ಲ.

ಪ್ರಸ್ತಾವನೆಯಲ್ಲಿ ಜಾನ್ಸನ್ ಇಂಥ ಕ್ರಿಯಾಪದಗಳ ಬಗ್ಗೆಯೇ ಬರೆದಿದ್ದಾನೆ. ಕ್ರಿಯಾಪದಕ್ಕೆ ಒಂದು ಸಣ್ಣ ಪದ ತಗುಲಿಸಿ ಅರ್ಥವನ್ನೇ ತಿರುಗಿಸುವ ಈ ರೂಢಿ ವಿದೇಶಿಯರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ, ಆದ್ದರಿಂದ ಇವನ್ನು ಬಹಳ ಎಚ್ಚರದಿಂದ ಗುರುತಿಸಿದ್ದೇನೆ, ಕಲಿಯುವವರಿಗೆ ಇನ್ನು ಮುಂದೆ ಇದು ದಾಟಲಾಗದ ಅಡ್ಡಿಯಾಗದಿರಲಿ ಎಂಬುದು ಅದರ ತಾತ್ಪರ್ಯ. ಉದಾಹರಣೆಗಳ ಸಾಲಿನಲ್ಲಿ ‘ಟೇಕ್ ಆಫ್’ ಅಂದರೆ ನಕಲು ಮಾಡು ಎಂದೂ ಇದೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಆಗಿನ್ನೂ ಇರಲಿಲ್ಲ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಪುಸ್ತಕದಲ್ಲಿ ಅದನ್ನು ಬಳಕೆಗೆ ತಂದ. ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದು ಅವನೇ ಹೇಳಿಕೊಂಡಿದ್ದಾನೆ. ನಾನು ಯಾವ ಪದಕ್ಕೆ ಎಡವಿದ್ದೆನೋ ಅದೇ ಪದಕ್ಕೆ ನನ್ನಂಥವರು ಎಡವುತ್ತಾರೆಂದು ಆ ಮುದುಕನಿಗೆ ಮೊದಲೇ ಗೊತ್ತಿತ್ತು ಅನ್ನಿಸಿ ಸ್ವಲ್ಪ ಸಮಾಧಾನವಾಯಿತು. (ಮುದುಕ ಅಂದೆ, ಆಗ ಅವನಿಗೆ ಇನ್ನೂ 45.)

ಮುಂದಿನದು ಇನ್ನೂ ಚೆನ್ನಾಗಿದೆ. ಬಾಸ್ವೆಲ್ ಬರೆದ ಜಾನ್ಸನ್ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಬರುತ್ತದೆ. ಜಾನ್ಸನ್ ಮೈ ಕುಲುಕಿಸುತ್ತ, ಗೊಣಗುತ್ತ ನಡೆಯುತ್ತಿದ್ದ ದೊಡ್ಡ ದೇಹದ ಮನುಷ್ಯ. ಅವನನ್ನು ರಂಗದ ಮೇಲೆ ತಂದರೆ ಒಳ್ಳೆಯ ಗಳಿಕೆಯಾಗುತ್ತದೆಂದು ಫೂಟ್ ಲೆಕ್ಕ ಹಾಕಿದ. ಸುದ್ದಿ ಜಾನ್ಸನ್ ಕಿವಿಗೆ ಬಿತ್ತು. ಪುಸ್ತಕ ವ್ಯಾಪಾರಿ ಟಾಮ್ ಡೇವಿಸ್ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಒಂದು ಓಕ್ ಕೋಲಿಗೆ ಎಷ್ಟು ಬೆಲೆ ಎಂದು ಕೇಳಿದ. ಆರು ಪೆನ್ಸ್ ಎಂದರು. ಹಾಗಾದರೆ ಒಂದು ಶಿಲಿಂಗಿನದು ತರಿಸಿ, ನನಗೆ ಎರಡರಷ್ಟು ದಪ್ಪದ್ದು ಬೇಕು, ಫೂಟ್ ನನ್ನನ್ನು ‘ಟೇಕ್ ಆಫ್’ ಮಾಡುತ್ತಾನಂತೆ, ಅವನ ಮಾತಿನಲ್ಲೇ ಹೇಳುವುದಾದರೆ, ಎಂದ. ಡೇವಿಸ್ ಈ ಮಾತನ್ನು ತಪ್ಪದೆ ಫೂಟ್‌ಗೆ ಮುಟ್ಟಿಸಿದ. ಫೂಟ್ ಸುಮ್ಮನಾದ.

ನನ್ನ ಕಣ್ಣು ನಿಂತದ್ದು ‘ಅವನ ಮಾತಿನಲ್ಲೇ’ ಎಂಬಲ್ಲಿ. ನಿಘಂಟಿನಲ್ಲಿ ಬರೀ ‘ನಕಲು’ ಎಂದು ಬರೆದಿದ್ದ ಮನುಷ್ಯ, ಅದೇ ಪದ ನಾಟಕದವರ ಬಾಯಲ್ಲಿ ಅಣಕವಾಗಿ ತನ್ನ ಮೇಲೇ ತಿರುಗಿದಾಗ ಅದನ್ನು ದೂರದಿಂದ ಚಿಮಟದಲ್ಲಿ ಹಿಡಿದು ತೋರಿಸುತ್ತಿದ್ದಾನೆ.

ಆದರೆ ‘ತೆಗೆಯುವುದು’ ನಕಲು ಆಗುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಲೈಬ್ರರಿ ಪಕ್ಕದ ಅಂಗಡಿಯಲ್ಲಿ. “ಅಣ್ಣಾ, ಇದೊಂದು ಜೆರಾಕ್ಸ್ ತೆಗೆದುಕೊಡಿ” ಎಂದೆ, ಹೇಳಿದ ಮೇಲೆ ಅಲ್ಲೇ ನಿಂತೆ. ನಾವು ಜೆರಾಕ್ಸ್ ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಅಚ್ಚು ತೆಗೆಯುತ್ತೇವೆ. ಮೂಲದ ಮೈಮೇಲಿಂದ ಪಡಿಯಚ್ಚನ್ನು ಎತ್ತಿಕೊಳ್ಳುವುದು, ಅಷ್ಟೇ. ನಮ್ಮ ‘ತೆಗೆ’ ಇನ್ನೂ ಏನೇನೋ ಮಾಡುತ್ತದೆ. ಬಾಗಿಲು ತೆಗೆ, ಬಾವಿ ತೆಗೆ, ಸಾಲ ತೆಗೆ, ತಕರಾರು ತೆಗೆ, ಮಾನ ತೆಗೆ. ‘ಹಾಕು’ ಸೇರಿದರೆ ತೆಗೆದುಹಾಕು, ‘ಇಡು’ ಸೇರಿದರೆ ತೆಗೆದಿಡು, ಎರಡೂ ಬೇರೆ ಬೇರೆ. ಇಂಥ ಜೋಡಣೆ ತನ್ನ ಭಾಷೆಯಲ್ಲೇ ಬಹುಶಃ ಎಲ್ಲಕ್ಕಿಂತ ಹೆಚ್ಚು ಎಂದ ಜಾನ್ಸನ್‌ಗೆ ಕನ್ನಡ ಗೊತ್ತಿರಲಿಲ್ಲ. ನಾನು ಸೋತದ್ದು ಕನ್ನಡ ಮಾಧ್ಯಮದಿಂದಲ್ಲ, ತೆಗೆ ಎಂದು ಬಿಡಬೇಕಾದಲ್ಲಿ ಅವಸರದಲ್ಲಿ ‘ಹಾಕು’ ಸೇರಿಸಿದ್ದರಿಂದ.

‘ಜೀವ ತೆಗೆ’ಯೂ ಅಲ್ಲಿದೆ. ಮ್ಯಾಕ್‌ಬೆತ್ ನಾಟಕದ ಮೊದಲ ಅಂಕದ ಏಳನೇ ದೃಶ್ಯದ ಸ್ವಗತದಲ್ಲಿ, ಡಂಕನ್ ರಾಜನ ಕೊಲೆಗೆ ಶೇಕ್ಸ್‌ಪಿಯರ್ ಒಂದು ಕಡೆ ಆಗ ಇಂಗ್ಲಿಷಿಗೆ ಹೊಸದಾಗಿದ್ದ ‘ಅಸ್ಯಾಸಿನೇಷನ್’ ಎಂಬ ಪದ ಬಳಸುತ್ತಾನೆ. ಅದೇ ಸ್ವಗತದಲ್ಲಿ ಮುಂದೆ, ಕೊಲೆಗಾರನಾಗಲಿರುವವನು ರಾಜನ ಸದ್ಗುಣಗಳನ್ನು ನೆನೆಯುತ್ತ ‘ಟೇಕಿಂಗ್ ಆಫ್’ ಎನ್ನುತ್ತಾನೆ. ನಿಘಂಟಿನ ಪ್ರಕಾರ ಎರಡೂ ಒಂದೇ. ಮೊದಲನೆಯದರಲ್ಲಿ ರಾಜಕೀಯವಿದೆ, ಎರಡನೆಯದು ಬಟ್ಟೆ ಕಳಚಿದಷ್ಟು ಸದ್ದಿಲ್ಲದ್ದು. ನನಗೆ ಎರಡನೆಯದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಪದದ ಮೂಲವೂ ಕುತೂಹಲದ್ದೇ. ‘ಟೇಕ್’ ಇಂಗ್ಲಿಷರ ಸ್ವಂತದ್ದಲ್ಲ, ಉತ್ತರದಿಂದ ದಂಡೆತ್ತಿ ಬಂದು ನೆಲೆಸಿದವರ ‘ತಾಕ’. ಅದು ಹಳೆಯ ‘ನಿಮನ್’ ಎಂಬ ಪದವನ್ನು ಮೂಲೆಗೊತ್ತಿತು. ಆ ನಿಮನ್ ಈಗ ‘ನಂಬ್’ ಎಂಬುದರಲ್ಲಿ ಅಡಗಿ ಕೂತಿದೆ. ಮರಗಟ್ಟಿದ್ದು ಅಂದರೆ ಚೇತನ ಕಸಿದುಕೊಂಡದ್ದು.

ವಿಮಾನದ ಅರ್ಥ ತೀರ ಈಚಿನದು. 19ನೇ ಶತಮಾನದಲ್ಲಿ ಕುದುರೆ ಬೇಲಿ ಹಾರಲು ನೆಲ ಬಿಡುವುದಕ್ಕೆ ‘ಟೇಕ್ ಆಫ್’ ಎನ್ನುತ್ತಿದ್ದರು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಯಂತ್ರ 12 ಸೆಕೆಂಡು ಗಾಳಿಯಲ್ಲಿ ಇದ್ದ ಮೇಲೆ ಆ ಪದ ಕುದುರೆಯಿಂದ ವಿಮಾನಕ್ಕೆ ದಾಟಿತು. ಅಲ್ಲಿಂದ ಅರ್ಥಶಾಸ್ತ್ರಕ್ಕೆ. 1960ರಲ್ಲಿ ಡಬ್ಲ್ಯೂ. ಡಬ್ಲ್ಯೂ. ರಾಸ್ಟೋ ಆರ್ಥಿಕ ಬೆಳವಣಿಗೆಯ ಐದು ಘಟ್ಟಗಳಲ್ಲಿ ಮೂರನೆಯದಕ್ಕೆ ಈ ಹೆಸರಿಟ್ಟ. ಭಾರತದ ಎದುರಿಗೆ 1952 ಎಂದು ಬರೆದ, ನಿಜವಾಗಿ ಹಾರಿತೋ ಇಲ್ಲವೋ ಹೇಳಲು ಇನ್ನೂ ಕಾಲ ಬೇಕು ಎಂದೂ ಸೇರಿಸಿದ. ನಮ್ಮ ಪತ್ರಿಕೆಗಳು ಈಗಲೂ ಯಾವುದೋ ಕಾಮಗಾರಿ ‘ಟೇಕಾಫ್ ಆಗಲಿಲ್ಲ’ ಎಂದು ಬರೆಯುವಾಗ ಅದು ಕನ್ನಡದ್ದೇ ಪದ ಎಂಬಷ್ಟು ಸಲೀಸು.

ಅಧ್ಯಾಯದ ಆ ಮೂರು ಪುಟಗಳನ್ನು, ಫುಕೋ ಸಮೇತ, ತೆಗೆದುಹಾಕಿದೆ. ಅಲ್ಲಿ ಈಗ ಓಕ್ ಕೋಲಿನ ಪ್ರಸಂಗ ಇದೆ. ಹೋದ ವಾರ ಮೇಡಂ ಓದಿ ವಾಪಸು ಕೊಟ್ಟರು. ಕೆಂಪು ಗೆರೆ ಇರಲಿಲ್ಲ. “ಜಾನ್ಸನ್ನನ ಇಂಗ್ಲಿಷ್ ಕಷ್ಟ ಆಗಲಿಲ್ವಾ?” ಎಂದು ಕೇಳಿದರು. ದೊಡ್ಡ ಪದಗಳು ಕಷ್ಟವಾಗಲಿಲ್ಲ ಮೇಡಂ ಎಂದೆ.