ಹಸಿವಿನ ಗೋಪುರ

ಪೀಸಾ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅಲ್ಲಿಯ ವಾಲುಗೋಪುರ. ಅದೇ ಊರಿನಲ್ಲಿ ಇನ್ನೊಂದು ಗೋಪುರವಿತ್ತು. ಇಂದು ಅದು ಚೌಕವೊಂದರ ಅಂಚಿನ ಗಡಿಯಾರದ ಮಹಲಿನ ಗೋಡೆಗಳಲ್ಲಿ ಹುದುಗಿಹೋಗಿದೆ; ಹುಡುಕದವರಿಗೆ ಕಾಣದು. 1289ರ ಮಾರ್ಚಿಯಲ್ಲಿ ಅದರೊಳಗೆ ಐವರು ಹಸಿವಿನಿಂದ ಸತ್ತರು. ಅವರಲ್ಲಿ ಹಿರಿಯ, ಒಂದು ವರ್ಷದ ಹಿಂದೆ ಆ ನಗರದ ಒಡೆಯನೇ ಆಗಿದ್ದ ಕೌಂಟ್ ಉಗೊಲೀನೊ ದೆಲ್ಲ ಗೆರಾರ್ದೆಸ್ಕ. ಡಾಂಟೆಯ ‘ಡಿವೈನ್ ಕಾಮೆಡಿ’ಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ನರಕದ ತಳದ ಹಿಮದಲ್ಲಿ ಸಿಕ್ಕಿಕೊಂಡು, ತನ್ನ ವೈರಿಯ ತಲೆಬುರುಡೆಯನ್ನು ಕಡಿಯುತ್ತಿರುವ ಮುದುಕ ಅವನು. ಕವಿ ಅವನ ಕೊನೆಯ ಕೆಲವು ದಿನಗಳನ್ನು ಅಮರಗೊಳಿಸಿದ. ಅದಕ್ಕೆ ಮುಂಚಿನ ಸುದೀರ್ಘ ಬಾಳು ಆ ಕತ್ತಲೆಯಲ್ಲಿ ಮುಳುಗಿಹೋಯಿತು.

ಆಗಿನ ಇಟಲಿಯ ನಗರಗಳು ಪೋಪನ ಕಡೆಯವರಾದ ಗ್ವೆಲ್ಫರೆಂದೂ ಚಕ್ರವರ್ತಿಯ ಕಡೆಯವರಾದ ಗಿಬೆಲ್ಲೀನರೆಂದೂ ಎರಡಾಗಿ ಒಡೆದಿದ್ದುವು. ಪೀಸಾ ಗಿಬೆಲ್ಲೀನರ ಊರು. ಉಗೊಲೀನೊನ ಮನೆತನವೂ ಅದೇ ಪಕ್ಷದ್ದು. ಆದರೆ ಅವನು ತನ್ನ ಮಗಳನ್ನು ಗ್ವೆಲ್ಫರ ಮುಖಂಡನಾದ ಜೊವಾನ್ನಿ ವಿಸ್ಕೊಂತಿಗೆ ಕೊಟ್ಟ. ಊರು ಅವನನ್ನು ಸೆರೆಹಿಡಿದು ಹೊರಗಟ್ಟಿತು. ಅವನು ಶತ್ರುನಗರಗಳ ಬೆಂಬಲದಿಂದ 1276ರಲ್ಲಿ ಮರಳಿ ಬಂದ. ಪಕ್ಷನಿಷ್ಠೆ ಎಂಬುದು ಅವನಿಗೆ ತೊಟ್ಟು ಕಳೆಯುವ ಅಂಗಿಯಾಗಿತ್ತೆನ್ನಬೇಕು.

1284ರ ಆಗಸ್ಟ್ 6ರಂದು ಮೆಲೋರಿಯ ಎಂಬ ಬಂಡೆದ್ವೀಪದ ಬಳಿ ಪೀಸಾದ ನೌಕಾಬಲವನ್ನು ಜಿನೋವಾ ನಗರದವರು ನುಚ್ಚುನೂರು ಮಾಡಿದರು. ಸಾವಿರಾರು ಜನ ಸತ್ತರು. ಸೆರೆಯಾದವರು ಸುಮಾರು 9,000. ಪೀಸಾವನ್ನು ನೋಡಬೇಕೆಂದರೆ ಜಿನೋವಾಕ್ಕೆ ಹೋಗಬೇಕೆಂಬ ಗಾದೆಯೇ ಹುಟ್ಟಿತು. ಆ ಯುದ್ಧದಲ್ಲಿ ಒಂದು ನೌಕಾದಳದ ನಾಯಕನಾಗಿದ್ದ ಉಗೊಲೀನೊ ಹೇಗೋ ಪಾರಾಗಿ ಬಂದ. ಬೇಕೆಂದೇ ಹಿಂದೆಗೆದನೆಂಬ ಮಾತು ಆಮೇಲೆ ಹುಟ್ಟಿದ್ದು. ಅಂದು ಮಾತ್ರ ದಿಕ್ಕೆಟ್ಟ ಊರು ಅವನ ಕೈಗೇ ಅಧಿಕಾರವನ್ನಿತ್ತಿತು.

ಜಿನೋವಾ, ಫ್ಲಾರೆನ್ಸ್, ಲುಕ್ಕಾ ಮೂರೂ ಒಂದಾಗಿ ಪೀಸಾವನ್ನು ಮುಗಿಸಿಬಿಡಲು ಹವಣಿಸುತ್ತಿದ್ದ ಕಾಲ ಅದು. ಉಗೊಲೀನೊ ಕೆಲವು ಕೋಟೆಗಳನ್ನು ಲುಕ್ಕಾ ಮತ್ತು ಫ್ಲಾರೆನ್ಸಿನವರಿಗೆ ಬಿಟ್ಟುಕೊಟ್ಟು ಆ ಕೂಟವನ್ನು ಒಡೆದ. ಊರು ಉಳಿಯಿತು. ಮುಂದೆ ಅವನನ್ನು ದ್ರೋಹಿಯೆನ್ನಲು ಜನರಿಗೆ ಸಿಕ್ಕಿದ್ದೂ ಈ ಕೋಟೆಗಳೇ. ಅವನನ್ನು ನಿರ್ದೋಷಿಯೆನ್ನಲು ನಾನು ಹೊರಟಿಲ್ಲ. ಜಿನೋವಾದ ಸೆರೆಯಾಳುಗಳು ಹಿಂದಿರುಗಿದರೆ ತನ್ನ ಅಧಿಕಾರಕ್ಕೆ ಕುತ್ತೆಂದು ಅವನು ಸಂಧಾನವನ್ನು ಎಳೆದಾಡಿದನೆಂಬ ಆರೋಪವನ್ನು ತಳ್ಳಿಹಾಕುವುದು ಕಷ್ಟ. ಆ ಸೆರೆಯಾಳುಗಳಲ್ಲಿ ರುಸ್ಟಿಕೆಲ್ಲೊ ಎಂಬ ಕಥೆಗಾರನೂ ಒಬ್ಬನೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1298ರಲ್ಲಿ ಅದೇ ಸೆರೆಮನೆಯಲ್ಲಿ ಮಾರ್ಕೊ ಪೋಲೊ ಹೇಳಿದ ಪ್ರವಾಸಕಥೆಯನ್ನು ಬರೆದುಕೊಂಡವನು ಇವನೇ. ಕೌಂಟನ ಸಂಧಾನ ಬೇಗ ಮುಗಿದಿದ್ದರೆ ನಮಗೆ ಆ ಗ್ರಂಥ ಸಿಗುತ್ತಿತ್ತೋ ಇಲ್ಲವೋ!

ಮಗಳ ಮಗನಾದ ನೀನೊ ವಿಸ್ಕೊಂತಿಯೊಡನೆ ಅವನು ಅಧಿಕಾರವನ್ನು ಹಂಚಿಕೊಂಡ, ಆಮೇಲೆ ಜಗಳವಾಡಿದ. ಮೊಮ್ಮಗನನ್ನು ಹೊರದೂಡಲು ಆರ್ಚ್‌ಬಿಷಪ್ ರುಜ್ಜೇರಿಯ ಕೈಹಿಡಿದ. ನೀನೊ ಊರು ಬಿಟ್ಟೊಡನೆ, 1288ರ ಜುಲೈ 1ರಂದು, ಆರ್ಚ್‌ಬಿಷಪ್ಪನೇ ಜನರನ್ನು ಕೌಂಟನ ಮೇಲೆ ಎಬ್ಬಿಸಿದ. ರೊಟ್ಟಿಯ ಬೆಲೆ ಏರಿ ಊರು ಮೊದಲೇ ಕುದಿಯುತ್ತಿತ್ತು. ಉಗೊಲೀನೊ, ಅವನ ಮಕ್ಕಳಾದ ಗಾದ್ದೊ ಮತ್ತು ಉಗುಚ್ಚೋನೆ, ಮೊಮ್ಮಕ್ಕಳಾದ ಬ್ರಿಗಾಟ ಮತ್ತು ಆನ್ಸೆಲ್ಮುಚ್ಚೊ ಗೋಪುರ ಸೇರಿದರು. ಮುಂದಿನ ವರ್ಷ ಬಾಗಿಲಿಗೆ ಬೀಗ ಜಡಿದು, ಕೀಲಿಗಳನ್ನು ಆರ್ನೊ ನದಿಗೆ ಎಸೆದರೆಂದು ವೃತ್ತಾಂತಕಾರ ವಿಲ್ಲಾನಿ ಬರೆದಿದ್ದಾನೆ.

ಡಾಂಟೆ ಈ ನಾಲ್ವರನ್ನೂ ಎಳೆಯರಾದ ಮಕ್ಕಳನ್ನಾಗಿ ಚಿತ್ರಿಸಿದ್ದಾನೆ. ವಾಸ್ತವವಾಗಿ ಗಾದ್ದೊ ಮತ್ತು ಉಗುಚ್ಚೋನೆ ಬೆಳೆದ ಗಂಡಸರು. ಕೌಂಟನ ದ್ರೋಹವನ್ನೂ ಕವಿ ಜನರ ಮಾತೆಂದು ಹೇಳಿದನೇ ಹೊರತು ತಾನಾಗಿ ಸಾರಲಿಲ್ಲ. ಅವನ ಸಿಟ್ಟೆಲ್ಲ ಮಕ್ಕಳನ್ನು ಕೊಂದ ಪೀಸಾದ ಮೇಲೆ. ತಂದೆ ಹಸಿವು ತಡೆಯಲಾರದೆ ಮಕ್ಕಳ ಹೆಣವನ್ನು ತಿಂದನೋ ಎಂಬ ಶಂಕೆಗೂ ಕವಿಯ ಒಂದು ಇಬ್ಬಗೆಯ ಸಾಲೇ ಮೂಲ. 2002ರಲ್ಲಿ ಫ್ರಾಂಚೆಸ್ಕೊ ಮಲ್ಲೇನಿ ಎಂಬ ಮಾನವಶಾಸ್ತ್ರಜ್ಞರು ಆ ಮನೆತನದ್ದೆನ್ನಲಾದ ಎಲುಬುಗಳನ್ನು ಪರೀಕ್ಷಿಸಿದರು. ಮುದುಕನ ಬಾಯಲ್ಲಿ ಹಲ್ಲುಗಳೇ ಹೆಚ್ಚಾಗಿ ಉಳಿದಿರಲಿಲ್ಲ. ಕೊನೆಯ ತಿಂಗಳುಗಳಲ್ಲಿ ಮಾಂಸ ತಿಂದ ಕುರುಹೂ ಇರಲಿಲ್ಲ. ಆ ಎಲುಬುಗಳು ಅವರವೇ ಎಂಬುದನ್ನು ಒಪ್ಪದವರೂ ಇದ್ದಾರೆ.

ಕೌಂಟ್ ಸತ್ತ ವರ್ಷವೇ ಪೀಸಾದವರ ಕಪ್ರೋನ ಕೋಟೆ ಗ್ವೆಲ್ಫರಿಗೆ ಶರಣಾಯಿತು. ಕೋಟೆಯವರು ಅಂಜುತ್ತ ಹೊರಬಂದುದನ್ನು ತಾನು ಕಂಡೆನೆಂದು ಡಾಂಟೆಯೇ ಹೇಳಿಕೊಂಡಿದ್ದಾನೆ. ನೀನೊ ವಿಸ್ಕೊಂತಿಯೂ ಆ ಪಡೆಯಲ್ಲಿದ್ದ. 1296ರಲ್ಲಿ ತೀರಿಕೊಂಡ ಈ ನೀನೊನನ್ನು ಕವಿ ಮುಂದೆ ತನ್ನ ಕಾವ್ಯದ ಶುದ್ಧಿಲೋಕದಲ್ಲಿ ಭೇಟಿಯಾಗುತ್ತಾನೆ. ಗೆಳೆಯ ನರಕಕ್ಕೆ ಬೀಳದಿದ್ದುದನ್ನು ಕಂಡು ಹಿಗ್ಗುತ್ತಾನೆ. ನೀನೊ ತನ್ನ ಮಗಳ ಮಾತನಾಡುತ್ತಾನೆ, ಮರುಮದುವೆಯಾದ ಹೆಂಡತಿಯನ್ನು ನೆನೆದು ನೊಂದುಕೊಳ್ಳುತ್ತಾನೆ. ಅಜ್ಜನ ಮಾತನ್ನು ಇಬ್ಬರೂ ಎತ್ತುವುದಿಲ್ಲ.